ಒತ್ತೆಕೋಲದ ರಾ ಫೈಲೂ ಡಾರ್ಕ್‌ಟೇಬಲೂ

ತುಲಾ ಹತ್ತರಿಂದ ಪತ್ತನಾಜೆಯವರೆಗೆ (ಅಕ್ಟೋಬರ್ ಕೊನೆಯಿಂದ ಮೇ ಕೊನೆಯವರೆಗೆ) ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಕ್ಯಾಮೆರಾ ಹಿಡಿದವರಿಗೆ ರಾತ್ರಿ ನಿದ್ದೆಯಿಲ್ಲ. ದೈವಗಳ ಕೋಲ, ಕಳಿಯಾಟ, ಯಕ್ಷಗಾನ ಬಯಲಾಟ ಎಲ್ಲ ನಡೆಯುವುದು ಕತ್ತಲಲ್ಲಿ, ಅದೂ ಕೆಂಪು ಬಣ್ಣ ಮತ್ತು ಬೆಂಕಿಯ ಸುತ್ತ. ಇಂಥ ಬೆಳಕಲ್ಲಿ ಜೆಪೆಗ್ ನಂಬಿದರೆ ಮುಖದ ಕೆಂಪೆಲ್ಲ ಒಂದೇ ಮುದ್ದೆಯಾಗುತ್ತದೆ, ಬರೆದ ಗೆರೆಗಳು ಕಾಣಿಸುವುದಿಲ್ಲ. ಹಾಗಾಗಿ ಸೆನ್ಸರ್ ಕಂಡದ್ದನ್ನು ತಿದ್ದದೆ ಇಟ್ಟುಕೊಳ್ಳುವ ರಾ ಫೈಲೇ ಗತಿ. ಆ ಫೈಲನ್ನು ತೆರೆಯುವುದಕ್ಕೆ ತಿಂಗಳ ಬಾಡಿಗೆ ಕಟ್ಟಲು ಮನಸ್ಸಿಲ್ಲದವರಿಗೆ ಡಾರ್ಕ್‌ಟೇಬಲ್‌ನಷ್ಟು ಕೆಲಸಕ್ಕೆ ಬರುವ ಉಚಿತ ಸಾಫ್ಟ್‌ವೇರ್ ಇನ್ನೊಂದಿಲ್ಲ. 2009ರಲ್ಲಿ ಲಿನಕ್ಸ್‌ಗಾಗಿ ಹುಟ್ಟಿದ ಇದು ಈಗ ವಿಂಡೋಸ್, ಮ್ಯಾಕ್‌ಗಳಲ್ಲೂ ಓಡುತ್ತದೆ. ವರ್ಷಕ್ಕೆರಡು ಹೊಸ ಆವೃತ್ತಿ: ಮಧ್ಯ ವರ್ಷಕ್ಕೊಂದು, ಕ್ರಿಸ್‌ಮಸ್ ಹೊತ್ತಿಗೊಂದು.

ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ಅನುಕೂಲ ಇದೆ. ಕೇರಳದ ಶಾಲೆಗಳ ಐಸಿಟಿ ಪಾಠದಲ್ಲಿ ಲಿನಕ್ಸ್, ಚಿತ್ರ ತಿದ್ದುವ ಗಿಂಪ್ ಎರಡೂ ಕೈಗೆ ಬಂದಿರುತ್ತವೆ. ಆದರೆ ನಿಕಾನ್‌ನ ಎನ್‌ಇಎಫ್ ಅಥವಾ ಕ್ಯಾನನ್‌ನ ಸಿಆರ್2 ಎಂಬ ರಾ ಫೈಲನ್ನು ಗಿಂಪ್‌ಗೆ ಎಳೆದು ಹಾಕಿದರೆ ಅದು ತಾನಾಗಿ ತೆರೆಯುವುದಿಲ್ಲ. ಗಿಂಪ್‌ಗೆ ರಾ ಓದಲು ಬರುವುದಿಲ್ಲ, 2.10ರಿಂದ ಈಚೆಗೆ ಆ ಕೆಲಸವನ್ನು ಡಾರ್ಕ್‌ಟೇಬಲ್‌ಗೋ ಅದರಂಥದ್ದೇ ಆದ ರಾಥೆರಪಿಗೋ ಒಪ್ಪಿಸುತ್ತದೆ. ಡಾರ್ಕ್‌ಟೇಬಲ್ ಇದ್ದರೆ ಅದರ ಕಿಟಕಿ ತೆರೆಯುತ್ತದೆ, ತಿದ್ದಿ ಮುಚ್ಚಿದಾಗ ಚಿತ್ರ ಗಿಂಪ್‌ಗೆ ಬಂದು ಕೂರುತ್ತದೆ. ಎರಡೂ ಇದ್ದು ತಪ್ಪು ಸಾಫ್ಟ್‌ವೇರ್ ತೆರೆದರೆ ಗಿಂಪ್‌ನ ಪ್ರಿಫರೆನ್ಸಸ್‌ನಲ್ಲಿ ಇಮೇಜ್ ಇಂಪೋರ್ಟ್ ಆಂಡ್ ಎಕ್ಸ್‌ಪೋರ್ಟ್‌ಗೆ ಹೋಗಿ ರಾ ಇಮೇಜ್ ಇಂಪೋರ್ಟರ್ ಬದಲಿಸಿ. ಗಿಂಪ್ ಫ್ಲ್ಯಾಟ್‌ಪ್ಯಾಕ್‌ನಲ್ಲಿದ್ದು (ಲಿನಕ್ಸ್‌ನಲ್ಲಿ ಸಾಫ್ಟ್‌ವೇರನ್ನು ಪ್ರತ್ಯೇಕ ಡಬ್ಬಿಯಲ್ಲಿಡುವ ವಿಧಾನ) ಡಾರ್ಕ್‌ಟೇಬಲ್ ಹೊರಗಿದ್ದರೆ ಒಂದಕ್ಕೊಂದು ಕಾಣುವುದಿಲ್ಲ. ಆಗ ಡಾರ್ಕ್‌ಟೇಬಲನ್ನೇ ನೇರವಾಗಿ ತೆರೆಯುವುದು ಸುಲಭ.

ಫೋಲ್ಡರ್ ಸೇರಿಸಲು ಎರಡು ದಾರಿ. ‘ಆ್ಯಡ್ ಟು ಲೈಬ್ರರಿ’ ಒತ್ತಿದರೆ ಫೈಲ್ ಇದ್ದಲ್ಲೇ ಇರುತ್ತದೆ, ‘ಕಾಪಿ ಆಂಡ್ ಇಂಪೋರ್ಟ್’ ಒತ್ತಿದರೆ ಹೊಸ ಜಾಗಕ್ಕೆ ನಕಲಾಗುತ್ತದೆ. ಮೆಮೊರಿ ಕಾರ್ಡ್‌ನಿಂದ ಎಂದೂ ಮೊದಲನೆಯದನ್ನು ಬಳಸಬೇಡಿ. ಕಾರ್ಡ್ ಹೊರತೆಗೆದ ಮೇಲೆ ತಿದ್ದಲು ಕೈಯಲ್ಲಿ ಫೈಲೇ ಇರುವುದಿಲ್ಲ.

ಚಿತ್ರದ ಬದಲು ತಲೆಬುರುಡೆಯ ಗುರುತು ಕಂಡರೆ ಹೆದರಬೇಡಿ, ಆದರೆ ಕಾರಣ ಯಾವುದೆಂದು ವಿಂಗಡಿಸಿ. ಹೆಚ್ಚಿನ ಸಲ ಕ್ಯಾಮೆರಾ ಹೊಸದು, ಸಾಫ್ಟ್‌ವೇರ್ ಹಳೆಯದು. ಉಬುಂಟುವಿನ ಭಂಡಾರದಲ್ಲಿ ಸಿಗುವ ಆವೃತ್ತಿ ಒಂದೆರಡು ವರ್ಷ ಹಿಂದಿನದಾಗಿರುವುದು ಮಾಮೂಲು. ಕ್ಯಾನನ್‌ನ ಸಿಆರ್3 ಫೈಲ್‌ಗಳಿಗೆ ಕನಿಷ್ಠ ಡಾರ್ಕ್‌ಟೇಬಲ್ 3.8 ಬೇಕು, ಅದಕ್ಕಿಂತ ಹಿಂದಿನದರಲ್ಲಿ 200ಡಿ ಮಾರ್ಕ್ 2ರ ಫೈಲ್ ತೆರೆಯದು. 1500ಡಿಯ ಫೈಲ್ ಸಿಆರ್2 ಆದ್ದರಿಂದ ಆ ತಂಟೆಯಿಲ್ಲ. ನಿಕಾನ್ ಝಡ್8, ಝಡ್9 ಇರುವವರು ಕ್ಯಾಮೆರಾದ ರಾ ರೆಕಾರ್ಡಿಂಗ್ ಮೆನುವಿನಲ್ಲಿ ‘ಹೈ ಎಫಿಶಿಯೆನ್ಸಿ’ ಬಿಟ್ಟು ‘ಲಾಸ್‌ಲೆಸ್ ಕಂಪ್ರೆಶನ್’ ಆರಿಸಲೇಬೇಕು. ಮೊದಲನೆಯದರಲ್ಲಿ ಫೈಲನ್ನು ಕುಗ್ಗಿಸುವ ವಿಧಾನ ಇಂಟೊಪಿಕ್ಸ್ ಕಂಪನಿಯ ಸ್ವಂತದ್ದು, ಡಾರ್ಕ್‌ಟೇಬಲ್‌ನಂಥ ಮುಕ್ತ ಸಾಫ್ಟ್‌ವೇರ್‌ಗಳಿಗೆ ಬಿಡಿಸಲು ಬಾರದು. ಹಾಗೆ ತೆಗೆದಾಗಿದೆ ಎಂದಾದರೆ ನಿಕಾನ್‌ನದೇ ಎನ್‌ಎಕ್ಸ್ ಸ್ಟುಡಿಯೊದಲ್ಲಿ ತೆರೆದು 16 ಬಿಟ್ ಟಿಫ್ ಮಾಡಿಕೊಳ್ಳಿ. ಇನ್ನು ಚಿತ್ರದ ಮೇಲರ್ಧ ಸರಿಯಿದ್ದು ಕೆಳಗೆ ಬೂದು ಅಥವಾ ಗುಲಾಬಿ ಪಟ್ಟಿ ಬಂದರೆ ಅದು ಸಾಫ್ಟ್‌ವೇರ್ ದೋಷವಲ್ಲ, ನಕಲು ಅರ್ಧಕ್ಕೆ ನಿಂತ ಫೈಲು. ಪಕ್ಕದ ಫೈಲ್‌ಗಳು 25 ಎಂಬಿ ಇದ್ದು ಇದೊಂದು 11 ಎಂಬಿ ಇದ್ದರೆ ಅನುಮಾನವೇ ಬೇಡ, ಕಾರ್ಡ್ ಅಳಿಸುವ ಮೊದಲು ಮತ್ತೆ ನಕಲಿಸಿ. ಫೈಲಿನ ಹೆಸರಿನ ಬಾಲವನ್ನು ಎನ್‌ಇಎಫ್‌ನಿಂದ ಜೆಪಿಜಿಗೆ ಬದಲಿಸಿದರೆ ತೆರೆಯುತ್ತದೆ ಎಂಬ ಸಲಹೆ ಈಗಲೂ ಓಡಾಡುತ್ತಿದೆ. ತೆರೆಯುವುದಿಲ್ಲ.

ಡಾರ್ಕ್‌ಟೇಬಲ್ ಬಗ್ಗೆ ಎಲ್ಲರ ಮೊದಲ ದೂರು ಒಂದೇ: ಪುಟ್ಟ ಚಿತ್ರಗಳ ಸಾಲಿನಲ್ಲಿ ಚಂದ ಕಂಡ ಚಿತ್ರ ತೆರೆದ ಕ್ಷಣಕ್ಕೆ ಸಪ್ಪೆಯಾಗುತ್ತದೆ. ಸಾಲಿನಲ್ಲಿ ಮೊದಲು ಕಂಡದ್ದು ರಾ ಅಲ್ಲ, ರಾ ಫೈಲಿನ ಹೊಟ್ಟೆಯೊಳಗೆ ಕ್ಯಾಮೆರಾ ಇಟ್ಟಿರುವ ಪುಟ್ಟ ಜೆಪೆಗ್. ಅದಕ್ಕೆ ಕ್ಯಾಮೆರಾ ತನ್ನ ಬಣ್ಣ, ತನ್ನ ಕಾಂಟ್ರಾಸ್ಟ್ ಬಳಿದಿರುತ್ತದೆ. ತಿದ್ದುವ ಪುಟವಾದ ಡಾರ್ಕ್‌ರೂಮ್‌ಗೆ ಹೋದಾಗ ಕಾಣುವುದು ಸೆನ್ಸರ್ ಕೊಟ್ಟ ಮೂಲ ಅಂಕಿಗಳು. 14 ಬಿಟ್ ಫೈಲ್‌ನಲ್ಲಿ ಪ್ರತಿ ಬಿಂದುವಿಗೆ 16,384 ಹಂತಗಳಿದ್ದರೆ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಬರೀ 256. ಸಪ್ಪೆ ಕಂಡದ್ದರಲ್ಲೇ ಸರಕು ಹೆಚ್ಚು. ಆದರೂ ಕ್ಯಾಮೆರಾದ ರೂಪವೇ ಬೇಕೆನ್ನುವವರಿಗೆ 2024ರ ಡಿಸೆಂಬರ್‌ನ 5.0 ಆವೃತ್ತಿಯಲ್ಲಿ 500ಕ್ಕೂ ಹೆಚ್ಚು ಕ್ಯಾಮೆರಾ ಮಾದರಿಗಳ ಸ್ಟೈಲ್‌ಗಳನ್ನು (ಸಿದ್ಧ ಹೊಂದಿಕೆಗಳನ್ನು) ಕೊಟ್ಟಿದ್ದಾರೆ. ನಿಮ್ಮ ಮಾದರಿ ಹುಡುಕಿ ಒತ್ತಿದರೆ ಜೆಪೆಗ್‌ಗೆ ಹತ್ತಿರದ ರೂಪ ಬರುತ್ತದೆ, ಅಲ್ಲಿಂದ ಮುಂದೆ ತಿದ್ದಬಹುದು. ಹೊಸಬರಿಗೆ ಇದು ದೊಡ್ಡ ಉಪಕಾರ, ಇಷ್ಟು ತಡವಾಗಿ ಬರಬೇಕಿರಲಿಲ್ಲ.

ಈಗ ಕಷ್ಟದ ಚಿತ್ರ. ವಿಷ್ಣುಮೂರ್ತಿ ದೈವ ಕೆಂಡಕ್ಕೆ ಬೀಳುವ ಒತ್ತೆಕೋಲ, ಮುಂಜಾವದ ಕೆಂಡದ ರಾಶಿ, ಎಳೆ ತೆಂಗಿನ ಗರಿಯ ಉಡುಗೆ, ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) 6400. ಚಿತ್ರದ ಬೆಳಕು ಏರಿಳಿಸುವ ಎಕ್ಸ್‌ಪೋಶರ್ ಮಾಡ್ಯೂಲನ್ನು (ಒಂದೊಂದು ಬಗೆಯ ತಿದ್ದುಪಡಿಗೆ ಇರುವ ಫಲಕ) ಮುಖ ಸರಿ ಕಾಣುವವರೆಗೆ ಏರಿಸಿ, ಕೆಂಡ ಉರಿದುಹೋದಂತೆ ಕಂಡರೂ ಸದ್ಯಕ್ಕೆ ಲೆಕ್ಕಿಸಬೇಡಿ. ಆಮೇಲೆ ಸಿಗ್ಮಾಯ್ಡ್‌ಗೆ ಬನ್ನಿ. 4.2ರಲ್ಲಿ ಬಂದ ಈ ಮಾಡ್ಯೂಲ್ ಬೆಳಕಿನ ವ್ಯಾಪ್ತಿಯನ್ನು ಪರದೆಗೆ ಹಿಡಿಸುವಂತೆ ಮಡಚುತ್ತದೆ. ಮೂಲ ವರ್ಣವನ್ನು ಉಳಿಸುವ ಇದರ ‘ಪ್ರಿಸರ್ವ್ ಹ್ಯೂ’ 100ರಲ್ಲಿದ್ದರೆ ಜ್ವಾಲೆ ಒಂಥರಾ ಮಾಸಿದ ಗುಲಾಬಿಯಾಗುತ್ತದೆ. ಅದನ್ನು ನಿಧಾನಕ್ಕೆ ಇಳಿಸುತ್ತ ಬನ್ನಿ: ಕೆಂಪು ಕೇಸರಿಯಾಗಿ, ಕೇಸರಿ ಹಳದಿಯಾಗಿ, ಕೆಂಡದ ನಡು ಕಣ್ಣಿಗೆ ಕಂಡಂತೆ ಬೆಳಗುತ್ತದೆ. ಡಾರ್ಕ್‌ಟೇಬಲ್ ಕಲಿಯಲು ಈ ಒಂದು ಸ್ಲೈಡರ್ ಸಾಕಷ್ಟು ಕಾರಣ. ಕೆಂಡದ ಅಂಚಿನಲ್ಲಿ ನೇರಳೆ ಕಲೆ ಉಳಿದರೆ ಬೆಳಕು ಮಿತಿಮೀರಿದ ಜಾಗವನ್ನು ಸರಿಪಡಿಸುವ ಹೈಲೈಟ್ ರಿಕನ್‌ಸ್ಟ್ರಕ್ಷನ್‌ನ ಕ್ಲಿಪ್ಪಿಂಗ್ ಥ್ರೆಶೋಲ್ಡನ್ನು 1.0ರಿಂದ ಚೂರು ಕೆಳಗೆ ತನ್ನಿ.

ವೈಟ್ ಬ್ಯಾಲೆನ್ಸ್‌ನಲ್ಲಿ, ಅಂದರೆ ಬಿಳಿಯನ್ನು ಬಿಳಿಯಾಗಿ ಕಾಣಿಸುವುದರಲ್ಲಿ, ಬಹಳ ಜನ ಎಡವುತ್ತಾರೆ. ಹೆಸರು ನೋಡಿ ವೈಟ್ ಬ್ಯಾಲೆನ್ಸ್ ಮಾಡ್ಯೂಲನ್ನೇ ತಿರುಗಿಸಿದರೆ ಎಚ್ಚರಿಕೆ ಬರುತ್ತದೆ, ಏಕೆಂದರೆ ಈಗಿನ ಪದ್ಧತಿಯಲ್ಲಿ ಆ ಕೆಲಸ ಕಲರ್ ಕ್ಯಾಲಿಬ್ರೇಶನ್‌ನದ್ದು. ಎರಡೂ ಕಡೆ ತಿದ್ದಿದರೆ ಒಂದೇ ಮದ್ದನ್ನು ಎರಡು ಸಲ ಕುಡಿದಂತೆ. ವೈಟ್ ಬ್ಯಾಲೆನ್ಸನ್ನು ಅದರ ಪಾಡಿಗೆ ಬಿಟ್ಟು ಕಲರ್ ಕ್ಯಾಲಿಬ್ರೇಶನ್‌ನ ಪಿಕ್ಕರ್‌ನಿಂದ ಪಕ್ಕದಲ್ಲಿ ನಿಂತವರ ಬಿಳಿ ಮುಂಡಿನ ತುಂಡನ್ನು ಆರಿಸಿ. ಗರಿಯನ್ನು ಆರಿಸಬೇಡಿ, ಅದು ಹುಟ್ಟಾ ಹಳದಿ. ಪಿಕ್ಕರ್ ದೊಂದಿಯ ಬೆಳಕನ್ನು ಪೂರ್ತಿ ತೊಳೆದು ಹಗಲಿನಂತೆ ಮಾಡಿಬಿಡುತ್ತದೆ. ಕ್ರೋಮಾ (ಬಣ್ಣದ ಗಾಢತೆ) ಸ್ಲೈಡರನ್ನು ಮೂರನೇ ಒಂದು ಪಾಲಿನಷ್ಟು ಹಿಂದಕ್ಕೆ ತಂದರೆ ಬೆಂಕಿಯ ಬೆಚ್ಚನೆಯ ಛಾಯೆ ಉಳಿಯುತ್ತದೆ. ಕೋಲದ ಚಿತ್ರ ಟ್ಯೂಬ್‌ಲೈಟ್ ಕೆಳಗೆ ತೆಗೆದಂತೆ ಕಾಣಬಾರದು.

ಹೆಚ್ಚಿನ ಐಎಸ್‌ಒದಲ್ಲಿ ಕಾಣುವ ಚುಕ್ಕೆಗಳಿಗೆ, ಅಂದರೆ ನಾಯ್ಸ್‌ಗೆ, ಡಿನಾಯ್ಸ್ ಪ್ರೊಫೈಲ್ಡ್ ಮಾಡ್ಯೂಲ್ ಇದೆ. ಒಂದೊಂದು ಕ್ಯಾಮೆರಾ, ಒಂದೊಂದು ಐಎಸ್‌ಒಗೆ ಅಳೆದಿಟ್ಟ ಮಾಹಿತಿ ಅದರೊಳಗಿದೆ. ನೇರವಾಗಿ ಹಾಕಿದರೆ ಮುಖದ ಬರವಣಿಗೆ ಮೇಣದಂತೆ ನಯವಾಗುತ್ತದೆ; ‘ವೇವ್‌ಲೆಟ್ಸ್: ಕ್ರೋಮಾ ಓನ್ಲಿ’ ಪ್ರಿಸೆಟ್ ಹಾಕಿ, ಬಣ್ಣದ ಚುಕ್ಕೆ ಹೋಗಿ ಕಾಳು (ಗ್ರೇನ್) ಉಳಿಯಲಿ. ಬಯಲಾಟದ ಎಲ್‌ಇಡಿ ದೀಪದಿಂದ ಬರುವ ಅಡ್ಡ ಪಟ್ಟಿಗಳಿಗೆ ಮಾತ್ರ ಇದರಲ್ಲಿ ಮದ್ದಿಲ್ಲ. ರಂಗಸ್ಥಳದ ಎದುರೇ ಶಟರನ್ನು 1/50 ಅಥವಾ 1/100ಕ್ಕೆ ಇಟ್ಟು ನೋಡಬೇಕು.

ತಿದ್ದುಪಡಿಗಳೆಲ್ಲ ಮೂಲ ಫೈಲನ್ನು ಮುಟ್ಟದೆ ಪಕ್ಕದ ಎಕ್ಸ್‌ಎಂಪಿ ಫೈಲ್‌ಗೆ ಹೋಗುತ್ತವೆ. ಹಾರ್ಡ್ ಡಿಸ್ಕ್ ಬದಲಿಸುವಾಗ ಆ ಪುಟ್ಟ ಫೈಲ್‌ಗಳನ್ನು ಕಸವೆಂದು ಅಳಿಸಿದರೆ ರಾತ್ರಿಯಿಡೀ ಮಾಡಿದ ಕೆಲಸ ಹೋಯಿತು.

ಮದುವೆ ಸ್ಟುಡಿಯೊಗಳಿಗೆ ಇದನ್ನು ಒತ್ತಾಯಿಸಲಾರೆ. 8 ಜಿಬಿ ರ‍್ಯಾಮ್‌ನಲ್ಲಿ ಓಡುತ್ತದೆ ನಿಜ, ಆದರೆ ಓಪನ್‌ಸಿಎಲ್ (ಲೆಕ್ಕದ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೆ ವಹಿಸುವ ವ್ಯವಸ್ಥೆ) ಇರುವ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಪ್ರತಿ ಸ್ಲೈಡರಿಗೂ ಕಾಯಿಸುತ್ತದೆ. ಎರಡು ಸಾವಿರ ಚಿತ್ರ ಬೆಳಗಾಗುವುದರೊಳಗೆ ಕೊಡಬೇಕಾದವರಿಗೆ ಆ ತಾಳ್ಮೆ ಎಲ್ಲಿಂದ? ಇಂಥ ಎಷ್ಟೋ ಕಡೆ ಈಗಲೂ ಫೋಟೋಶಾಪ್ ಸಿಎಸ್6 ಇದೆ, ಅದರಲ್ಲಿ ರಾ ತೆರೆಯುವ ಭಾಗವಾದ ಕ್ಯಾಮೆರಾ ರಾ 9.1.1ಕ್ಕೆ ನಿಂತಿದೆ, 2015ರ ನಂತರದ ಕ್ಯಾಮೆರಾಗಳ ಫೈಲ್ ಕೊಟ್ಟರೆ ತೆರೆಯುವುದಿಲ್ಲ. ಅವರಿಗೆ ರಾ ಫೈಲನ್ನು ಡಿಎನ್‌ಜಿ ರೂಪಕ್ಕೆ ಬದಲಿಸಿಕೊಡುವ ಅಡೋಬಿಯ ಉಚಿತ ಡಿಎನ್‌ಜಿ ಕನ್ವರ್ಟರ್ ಸಾಕು. ಪ್ರಿಫರೆನ್ಸಸ್‌ನಲ್ಲಿ ಕಂಪ್ಯಾಟಿಬಿಲಿಟಿಯನ್ನು ‘ಕ್ಯಾಮೆರಾ ರಾ 7.1 ಆಂಡ್ ಲೇಟರ್’ ಎಂದಿಡಿ. ಫೋಲ್ಡರ್ ಆರಿಸುವಾಗ ಅದರೊಳಗೆ ಹೊಕ್ಕು ಫೈಲ್ ಹುಡುಕಬೇಡಿ. ಅಲ್ಲಿ ಖಾಲಿ ಕಾಣುತ್ತದೆ, ಫೈಲೇ ಇಲ್ಲವೆಂದು ಗಾಬರಿಯಾಗುತ್ತದೆ. ಹೊರಗಿನಿಂದ ಫೋಲ್ಡರನ್ನೇ ಒತ್ತಿ ಆರಿಸಿದರೆ ಒಳಗಿನದ್ದೆಲ್ಲ ಒಟ್ಟಿಗೆ ಪರಿವರ್ತನೆಯಾಗುತ್ತದೆ. ಡಾರ್ಕ್‌ಟೇಬಲ್‌ನಲ್ಲಿ ತಿದ್ದಿದ ಒಂದೆರಡು ಚಿತ್ರವನ್ನು ಆ ಹಳೆಯ ಫೋಟೋಶಾಪ್‌ಗೆ ಒಯ್ಯಲು 16 ಬಿಟ್ ಟಿಫ್ ಸರಿ; 24 ಮೆಗಾಪಿಕ್ಸೆಲ್‌ನ ಒಂದು ಚಿತ್ರ ಸುಮಾರು 144 ಎಂಬಿ ಆಗುತ್ತದೆ, ಡಿಸ್ಕ್‌ನಲ್ಲಿ ಜಾಗ ನೋಡಿಕೊಳ್ಳಿ.