ಸೆಫ್ ಸ್ಟೋರೇಜ್: ಡೇಟಾ ಕಾಯುತ್ತದೆ, ಜಿಪುಣತನ ಸಹಿಸುವುದಿಲ್ಲ

ಸೆಫ್ ಎಂದರೆ ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಸೇರಿಸಿ ಒಂದೇ ದೊಡ್ಡ ಸ್ಟೋರೇಜ್ ಆಗಿಸುವ ಸಾಫ್ಟ್‌ವೇರ್. ವರ್ಚುವಲ್ ಮಷೀನ್‌ಗಳ ಡಿಸ್ಕ್‌ಗಳಿಗಾಗಿ ಅದನ್ನು ನಾಟಿಲಸ್ ಆವೃತ್ತಿಯಿಂದ ರೀಫ್‌ವರೆಗೆ ಓಡಿಸಿದ ಅನುಭವದ ಮೇಲೆ ಬರೆದ ವಿಮರ್ಶೆ ಇದು. ಡೇಟಾ ಕಾಯುವ ವಿಷಯದಲ್ಲಿ ಪೂರ್ತಿ ಅಂಕ ಕೊಡಬಹುದು. ಆದರೆ ಸಾಫ್ಟ್‌ವೇರ್ ಪುಕ್ಕಟೆ ಸಿಕ್ಕಿತೆಂದು ಹಾರ್ಡ್‌ವೇರ್‌ನಲ್ಲೂ ಉಳಿಸಲು ಹೊರಟರೆ ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ಇದು ಸೇಜ್ ವೈಲ್ ಸಾಂತಾ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುವಾಗ ಶುರುವಾದ ಕೆಲಸ. ಯಾವ ತುಣುಕು ಯಾವ ಡಿಸ್ಕ್‌ನಲ್ಲಿದೆ ಎಂದು ಕೇಳಲು ಇಲ್ಲಿ ಮಧ್ಯವರ್ತಿ ಸರ್ವರ್ ಇಲ್ಲ. ಡೇಟಾ ಬೇಕಾದ ಕ್ಲೈಂಟೇ ಕ್ರಷ್ ಎಂಬ ಸೂತ್ರದಿಂದ ಜಾಗದ ಲೆಕ್ಕ ಹಾಕಿಕೊಂಡು, ಆ ಡಿಸ್ಕ್ ನೋಡಿಕೊಳ್ಳುವ ಒಎಸ್‌ಡಿ ಎಂಬ ಪ್ರೋಗ್ರಾಂ ಬಳಿ ನೇರ ಹೋಗುತ್ತದೆ. ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನಂಥ ಕಡೆ ಪೆಟಾಬೈಟ್ ಗಾತ್ರಕ್ಕೆ ಇದು ಬೆಳೆದು ನಿಂತಿರುವುದು ಈ ಕಾರಣಕ್ಕೇ.

ಹೆಚ್ಚಿನವರು ಎಡವುವುದು ಜಾಗದ ಲೆಕ್ಕದಲ್ಲಿ. 4 ಸರ್ವರ್, ತಲಾ 4 ಡಿಸ್ಕ್, ಡಿಸ್ಕ್ ಒಂದಕ್ಕೆ 8 ಟಿಬಿ ಎಂದಿಟ್ಟುಕೊಳ್ಳಿ. ಒಟ್ಟು 128. ಮೂರು ಪ್ರತಿ ಇಟ್ಟರೆ 42 ಚಿಲ್ಲರೆ ಎಂದು ಕೊಟೇಶನ್‌ನಲ್ಲಿ ಬರೆದಿರುತ್ತಾರೆ, ನಂಬಬೇಡಿ. ಒಂದು ಸರ್ವರ್ ಸತ್ತರೆ ಅದರಲ್ಲಿದ್ದ ಪ್ರತಿಗಳು ಉಳಿದ ಮೂರರಲ್ಲಿ ಹಿಡಿಯಬೇಕಲ್ಲ? ಹಾಗಾಗಿ ಭಾಗಿಸಬೇಕಾದದ್ದು 96ನ್ನು. ಬಂದದ್ದು 32. ಇನ್ನು ಶೇ. 85 ತುಂಬಿದರೆ ನಿಯರ್‌ಫುಲ್ ಎಚ್ಚರಿಕೆ, 90ಕ್ಕೆ ಆ ಡಿಸ್ಕ್‌ಗೆ ಬ್ಯಾಕ್‌ಫಿಲ್ (ಪ್ರತಿಗಳನ್ನು ತಂದು ತುಂಬುವುದು) ನಿಲುಗಡೆ, 95ಕ್ಕೆ ಬರವಣಿಗೆಯೇ ಬಂದ್. ಆ 85ರೊಳಗೇ ಇರಬೇಕೆಂದರೆ ಕೊನೆಗೆ ಕೈಗೆ ಸಿಗುವುದು 27 ಟಿಬಿ. ಸರಾಸರಿ 70 ಇದ್ದರೂ ಒಂದೇ ಒಂದು ಒಎಸ್‌ಡಿ 95 ಮುಟ್ಟಿದರೆ ಅದನ್ನು ಬಳಸುವ ಪೂಲ್‌ಗೆ (ಡೇಟಾ ಇಡುವ ವಿಭಾಗಕ್ಕೆ) ಬರೆಯಲಾಗುವುದಿಲ್ಲ. ‘ಸೆಫ್ ಒಎಸ್‌ಡಿ ಡಿಎಫ್’ ಕೊಟ್ಟು ಅತಿ ಹೆಚ್ಚು ತುಂಬಿದ ಡಿಸ್ಕ್ ಯಾವುದೆಂದು ನೋಡುತ್ತಿರಿ, ಡಿಸ್ಕ್‌ಗಳನ್ನು ಸಮನಾಗಿ ತುಂಬಿಸುವ ಬ್ಯಾಲೆನ್ಸರ್ ಅನ್ನು ಅಪ್‌ಮ್ಯಾಪ್ ವಿಧಾನದಲ್ಲಿ ಓಡಲು ಬಿಡಿ.

ಮೂರೇ ಸರ್ವರ್ ಇದ್ದರೂ ನಡೆಯುತ್ತದೆ. ಒಂದು ಹೋದರೆ ಮೂರನೇ ಪ್ರತಿ ಕಟ್ಟಲು ಜಾಗವಿರುವುದಿಲ್ಲ, ಅಷ್ಟೇ. ರಿಪೇರಿ ಆಗುವವರೆಗೆ ಎರಡೇ ಪ್ರತಿಯಲ್ಲಿ ಓಡುತ್ತದೆ. ಆಗ ಇನ್ನೊಂದೂ ಕೈಕೊಟ್ಟರೆ ಐಒ (ಓದು-ಬರಹ) ನಿಲ್ಲುತ್ತದೆ. ಅದನ್ನು ಎಬ್ಬಿಸಲು ಮಿನ್‌ಸೈಜ್ (ಕೆಲಸ ನಡೆಯಲು ಇರಲೇಬೇಕಾದ ಕನಿಷ್ಠ ಪ್ರತಿಗಳ ಸಂಖ್ಯೆ) ಅನ್ನು 1ಕ್ಕೆ ಇಳಿಸುವ ಸಲಹೆ ಎಲ್ಲೆಡೆ ಸಿಗುತ್ತದೆ. ಹಾಗೆ ಒಂದೇ ಪ್ರತಿಯ ಮೇಲೆ ಬರೆದ ಡೇಟಾ, ಆ ಡಿಸ್ಕ್ ಹೋದರೆ ದೇವರೂ ತಂದುಕೊಡಲಾರ.

ಮಾಮೂಲಿ ಡೆಸ್ಕ್‌ಟಾಪ್ ಎಸ್‌ಎಸ್‌ಡಿ ಹಾಕಲೇಬೇಡಿ. ಡೇಟಾ ಗಟ್ಟಿಯಾಗಿ ಕೂತ ಮೇಲೆಯೇ ಸೆಫ್ ‘ಬರೆದಾಯಿತು’ ಎನ್ನುವುದು. ಕರೆಂಟ್ ಹೋದಾಗ ಕಾಯುವ ಕೆಪಾಸಿಟರ್ ಇಲ್ಲದ ಎಸ್‌ಎಸ್‌ಡಿ ಪ್ರತಿ ಸಲವೂ ಕ್ಯಾಶ್ ಖಾಲಿ ಮಾಡಲು ತಿಣುಕುತ್ತದೆ. ಕೊಳ್ಳುವ ಮೊದಲು ಡಿಸ್ಕ್ ವೇಗ ಅಳೆಯುವ ಫಿಯೋದಲ್ಲಿ 4ಕೆ ಬ್ಲಾಕ್, ಐಒಡೆಪ್ತ್ 1 (ಒಂದು ಸಲಕ್ಕೆ ಒಂದೇ ಕೋರಿಕೆ), ಸಿಂಕ್ ಬರವಣಿಗೆ ಓಡಿಸಿ ನೋಡಿ. ಡಬ್ಬಿಯ ಮೇಲೆ ಬರೆದ ಅಂಕಿಗೂ ಇದಕ್ಕೂ ಸಂಬಂಧವೇ ಇರುವುದಿಲ್ಲ. ಎಸ್‌ಎಂಆರ್ (ಸಾಲುಗಳನ್ನು ಒಂದರ ಮೇಲೊಂದು ಚಾಚಿ ಬರೆಯುವ) ಹಾರ್ಡ್‌ಡಿಸ್ಕ್‌ಗಳೂ ಬೇಡ. ನಾಲ್ಕು ಹಾರ್ಡ್‌ಡಿಸ್ಕ್‌ಗಳ ಡಿಬಿಯನ್ನು (ಯಾವುದು ಎಲ್ಲಿದೆ ಎಂಬ ಒಳಲೆಕ್ಕ) ಒಂದೇ ಎನ್‌ವಿಎಂಇ ಎಸ್‌ಎಸ್‌ಡಿ ಮೇಲಿಟ್ಟರೆ ವೇಗವೇನೋ ಬರುತ್ತದೆ, ಆದರೆ ಅದೊಂದು ಸತ್ತ ದಿನ ನಾಲ್ಕೂ ಒಎಸ್‌ಡಿ ಹೋದಂತೆ. RAM ಒಎಸ್‌ಡಿಗೆ 4 ಜಿಬಿ ಎಂಬುದು ಗುರಿ, ಮಿತಿ ಅಲ್ಲ. ರಿಕವರಿ ವೇಳೆ ಅದನ್ನು ದಾಟುತ್ತದೆ.

ನೆಟ್‌ವರ್ಕ್ 10 ಗಿಗಾಬಿಟ್‌ಗಿಂತ ಕಡಿಮೆ ಬೇಡ. 1 ಗಿಗಾಬಿಟ್‌ನಲ್ಲಿ ಬದಲಿ ಡಿಸ್ಕ್‌ಗೆ 6 ಟಿಬಿ ತುಂಬಲು, ಬೇರೆ ಕೆಲಸವೇ ಇಲ್ಲದಿದ್ದರೂ 15 ಗಂಟೆ ಬೇಕು. ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 9000 ಇಟ್ಟಿದ್ದರೆ, ನಡುವಿನ ಒಂದು ಸ್ವಿಚ್ ಪೋರ್ಟ್ 1500ರಲ್ಲಿ ಉಳಿದರೂ ವಿಚಿತ್ರ ಕಾಯಿಲೆ ಶುರು: ಸಣ್ಣ ಪಿಂಗ್ ಹೋಗುತ್ತದೆ, ಒಎಸ್‌ಡಿಗಳು ಮಾತ್ರ ಎದ್ದು ಬಿದ್ದು ಮಾಡುತ್ತವೆ. ಫ್ರಾಗ್ಮೆಂಟ್ (ತುಂಡು) ಆಗದಂತೆ 8972 ಬೈಟ್‌ನ ಪಿಂಗ್ ಕಳಿಸಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಕ್ಲಸ್ಟರ್‌ನ ಸ್ಥಿತಿ ನೋಡಿಕೊಳ್ಳುವ ಮಾನಿಟರ್ ಪ್ರೋಗ್ರಾಂಗಳ ಗಡಿಯಾರ 0.05 ಸೆಕೆಂಡ್‌ಗಿಂತ ಹೆಚ್ಚು ತಪ್ಪಿದರೂ ಎಚ್ಚರಿಕೆ ಬರುತ್ತದೆ; ಸಮಯ ಹೊಂದಿಸುವ ಕ್ರೋನಿ ಕಡ್ಡಾಯ.

ದಿನನಿತ್ಯದ ನಿರ್ವಹಣೆ ಮಾತ್ರ ನಿಜಕ್ಕೂ ಹಿತ. ಸರ್ವರ್ ರೀಬೂಟ್‌ಗೆ ಮುನ್ನ ನೋಔಟ್ (ಬಿದ್ದ ಡಿಸ್ಕ್‌ಗಳನ್ನು ಲೆಕ್ಕದಿಂದ ತೆಗೆಯಬೇಡ ಎಂಬ ಸೂಚನೆ) ಹಾಕಿ. ಇಲ್ಲದಿದ್ದರೆ 600 ಸೆಕೆಂಡ್ ಕಳೆದ ಮೇಲೆ ಡೇಟಾ ಸಾಗಾಟ ಶುರುವಾಗಬಹುದು. ಎದ್ದ ಮೇಲೆ ತೆಗೆಯಲು ಮರೆಯಬಾರದು: ಅದು ಉಳಿದಿದ್ದರೆ ಮುಂದೆ ಡಿಸ್ಕ್ ನಿಜವಾಗಿ ಸತ್ತಾಗಲೂ ತಾನಾಗಿ ರಿಪೇರಿ ಆರಂಭವಾಗುವುದಿಲ್ಲ. ಸೆಫ್ ನಿರ್ವಹಣೆಯ ಸಾಧನ ಸೆಫ್‌ಎಡಿಎಂ ಇದ್ದರೆ, ಕೆಟ್ಟ ಡಿಸ್ಕ್ ತೆಗೆಯುವಾಗ ‘ರಿಪ್ಲೇಸ್’ ಆಯ್ಕೆ ಕೊಡಿ. ಹೊಸ ಡಿಸ್ಕ್‌ಗೆ ಹಳೆಯ ಸಂಖ್ಯೆಯೇ ಸಿಗುವುದರಿಂದ ವೃಥಾ ಸಾಗಾಟ ತಪ್ಪುತ್ತದೆ.

ಕ್ವಿನ್ಸಿ ಆವೃತ್ತಿಯಿಂದ ಡಿಫಾಲ್ಟ್ ಆದ ಎಂಕ್ಲಾಕ್ (ಡಿಸ್ಕ್‌ನ ಸಾಮರ್ಥ್ಯವನ್ನು ಗ್ರಾಹಕ ಕೆಲಸಕ್ಕೂ ರಿಕವರಿಗೂ ಹಂಚುವ ವ್ಯವಸ್ಥೆ) ತಲೆ ತಿನ್ನುತ್ತದೆ. ಹಳೆಯ ರಿಕವರಿ ಸೆಟ್ಟಿಂಗ್‌ಗಳನ್ನು ಎಷ್ಟು ತಿರುಗಿಸಿದರೂ ಕೇಳುವುದಿಲ್ಲ. ಬದಲಿಸಬೇಕಾದದ್ದು ಅದರ ಪ್ರೊಫೈಲ್. ರಿಕವರಿ ಆಮೆಯಂತೆ ನಡೆದರೆ ‘ಸೆಫ್ ಕಾನ್ಫಿಗ್ ಡಂಪ್’ ತೆಗೆದು ಪ್ರತಿ ಒಎಸ್‌ಡಿಗೆ ತಾನೇ ಅಳೆದು ಬರೆದುಕೊಂಡ ಐಒಪಿಎಸ್ (ಸೆಕೆಂಡ್‌ಗೆ ಎಷ್ಟು ಓದು-ಬರಹ) ಅಂಕಿ ನೋಡಿ. ಒಂದೇ ಮಾದರಿಯ ಡಿಸ್ಕ್‌ಗಳಲ್ಲಿ ಒಂದರ ಅಂಕಿ ಮಾತ್ರ ತೀರಾ ಬೇರೆಯಿದ್ದರೆ ಅಳಿಸಿ ಮತ್ತೆ ಅಳೆಸಬೇಕು.

ಕೊನೆಗೆ, ಮೂರು ಪ್ರತಿ ಇದ್ದ ಮಾತ್ರಕ್ಕೆ ಬ್ಯಾಕಪ್ ಆಗಲಿಲ್ಲ. ವರ್ಚುವಲ್ ಡಿಸ್ಕ್ ಅಳಿಸುವ ‘ಆರ್‌ಬಿಡಿ ಆರ್‌ಎಂ’ ಒತ್ತಿದರೆ ಮೂರೂ ಒಟ್ಟಿಗೇ ಹೋಗುತ್ತವೆ. ಅಳಿಸುವ ಬದಲು ‘ಆರ್‌ಬಿಡಿ ಟ್ರ್ಯಾಶ್ ಎಂವಿ’ ಬಳಸುವ ರೂಢಿ ಹಾಕಿಕೊಳ್ಳಿ, ರಾತ್ರಿ ಸ್ನ್ಯಾಪ್‌ಶಾಟ್ ತೆಗೆದು ಬದಲಾದದ್ದನ್ನಷ್ಟೇ ‘ಎಕ್ಸ್‌ಪೋರ್ಟ್-ಡಿಫ್’ ಮೂಲಕ ಬೇರೆ ಪೆಟ್ಟಿಗೆಗೆ ಕಳಿಸಿ. ಒಂದೆರಡೇ ಸರ್ವರ್ ಇರುವ ಕಚೇರಿಯವರು ಸೆಫ್ ಬಿಟ್ಟು ಝಡ್‌ಎಫ್‌ಎಸ್ (ಒಂದೇ ಸರ್ವರ್‌ನ ಡಿಸ್ಕ್‌ಗಳನ್ನು ನಿರ್ವಹಿಸುವ ಫೈಲ್ ಸಿಸ್ಟಂ) ಹಾಕಿಕೊಳ್ಳುವುದು ಲೇಸು.