ಮಿಡತೆಗೆ ಮೂಳೆ ಇಲ್ಲ: ಕನ್ನಡದ ಕೀಟರಚನೆ ಚಾರ್ಟ್ ಹೇಗಿದೆ?

ಶಾಲೆಯ ಗೋಡೆಗೆಂದು ಮಾಡಿದ, ಪ್ಲಾಸ್ಟಿಕ್ ಲೇಪನದ ಚಾರ್ಟ್ ಇದು. ನಡುವೆ ದೊಡ್ಡದೊಂದು ಮಿಡತೆ, ಕೆಳಗೆ ಅದರ ಬಾಯಿಯ ಭಾಗಗಳು, ಬಲಮೂಲೆಯಲ್ಲಿ ರೇಷ್ಮೆ ಹುಳುವಿನ ಜೀವನಚಕ್ರ. ಬರೆದ ಕಲಾವಿದರು ನಿಜವಾದ ಮಿಡತೆಯನ್ನು ನೋಡಿಯೇ ಬರೆದಿದ್ದಾರೆ. ಎರಡು ಸಂಯುಕ್ತ ಕಣ್ಣುಗಳ ನಡುವೆ ಮೂರು ಪುಟ್ಟ ಸರಳ ಕಣ್ಣುಗಳಿವೆ. ಕಿವಿಯ ಪೊರೆ ಹೊಟ್ಟೆಯ ಮೊದಲ ಖಂಡದ ಪಕ್ಕದಲ್ಲೇ ಇದೆ. ಉಸಿರುರಂಧ್ರಗಳನ್ನು ಎಣಿಸಿದರೆ ಒಂದು ಮಗ್ಗುಲಿಗೆ ಎದೆಯಲ್ಲಿ 2, ಹೊಟ್ಟೆಯಲ್ಲಿ 8. ಲೆಕ್ಕ ಸರಿ. ಚಿತ್ರಕ್ಕೆ ಪೂರ್ತಿ ಅಂಕ ಕೊಡಬಹುದು, ತೊಂದರೆ ಇರುವುದು ಹೆಸರುಗಳಲ್ಲಿ.

ದೊಡ್ಡ ತಪ್ಪು ಕಾಲಿನದು. ಕಾಲಿನ ದಪ್ಪ ತುಂಡಾದ ಫೀಮರ್‌ಗೆ ‘ತೊಡೆಮೂಳೆ’, ಅದರ ಕೆಳಗಿನ ಸಪೂರ ತುಂಡಾದ ಟಿಬಿಯಾಗೆ ‘ಮೊಣಕಾಲ ಮೂಳೆ’ ಎಂದು ಬರೆದಿದ್ದಾರೆ. ಮನುಷ್ಯರ ಅಂಗರಚನೆಯ ನಿಘಂಟು ತೆರೆದು ಹಾಗೇ ಇಳಿಸಿದಂತಿದೆ. ಕೀಟಕ್ಕೆ ಒಳಗೆ ಮೂಳೆಯೇ ಇಲ್ಲ. ಕೈಟಿನ್ ಎಂಬ ಗಟ್ಟಿ ವಸ್ತು ಸೇರಿದ ಗಡಸು ಹೊರಕವಚವೇ ಅದರ ಅಸ್ಥಿಪಂಜರ, ಸ್ನಾಯುಗಳು ಒಳಗಿನಿಂದ ಅದಕ್ಕೆ ಅಂಟಿಕೊಂಡಿರುತ್ತವೆ. ಮಿಡತೆಯ ಹಿಂಗಾಲಿನ ತೊಡೆಯನ್ನು 10 ಪಟ್ಟಿನ ಲೆನ್ಸ್ ಇಟ್ಟು ನೋಡಿ. ಮೀನಿನ ಮುಳ್ಳಿನಂತೆ ಓರೆ ಗೆರೆಗಳ ಸಾಲು ಕಾಣುತ್ತದೆ, ನೆಗೆತದ ಸ್ನಾಯು ಹಿಡಿದಿರುವುದು ಅಲ್ಲೇ. ಅದರ ಕೆಳಗಿನ ತುಂಡಿನಲ್ಲಿ ಎರಡು ಸಾಲು ಮುಳ್ಳು, ಕೊನೆಯ ಪಾದದಲ್ಲಿ ಮೂರು ತುಂಡು, ತುದಿಗೆ ಜೋಡಿ ಉಗುರು. ಚಾರ್ಟ್ ಇಷ್ಟನ್ನೂ ತೋರಿಸಿದೆ. ‘ತೊಡೆ’, ‘ಕಣಕಾಲು’, ‘ಪಾದ’ ಎಂದಿದ್ದರೆ ಸಾಕಿತ್ತು. ದೇಹಕ್ಕೆ ಅಂಟಿದ ಮೊದಲೆರಡು ತುಂಡುಗಳನ್ನು ಕಾಕ್ಸಾ, ಟ್ರೋಕ್ಯಾಂಟರ್ ಎಂದೇ ಬಿಟ್ಟಿರುವುದು ಒಳ್ಳೆಯದಾಯಿತು, ಕಾಲೇಜಿನಲ್ಲಿ ಕೇಳುವುದೂ ಅದೇ ಹೆಸರು.

ಇನ್ನೊಂದು ಗೊಂದಲ ‘ಸ್ಪರ್ಶಾಂಗ’. ತಲೆಯ ಮೇಲಿನ ಆಂಟೆನಾಗೂ ಅದೇ ಹೆಸರು, ಬಾಯಿಯ ಪಕ್ಕದ, ಆಹಾರ ಮುಟ್ಟಿ ನೋಡುವ ಪುಟ್ಟ ಕಡ್ಡಿಯಂಥ ಪಾಲ್ಪ್‌ಗೂ ಅದೇ. ಮಕ್ಕಳು ಜೋಡಿ ಎಣಿಸುವಾಗ ಎಡವುವುದು ಇಲ್ಲೇ. ಆಂಟೆನಾಗೆ ಕನ್ನಡದಲ್ಲಿ ‘ಕುಡಿಮೀಸೆ’ ಎಂಬ ಚೆಂದದ ಪದವಿದೆ, ಅದನ್ನು ಬಿಟ್ಟಿದ್ದೇಕೋ.

ಬಾಯಿಯ ಭಾಗ ಮಾತ್ರ ಹಣಕ್ಕೆ ಮೋಸವಿಲ್ಲ. ಮೇಲ್ದುಟಿ, ಒಂದು ಜೊತೆ ದವಡೆ, ಒಂದು ಜೊತೆ ಉಪದವಡೆ, ಕೆಳದುಟಿ, ಎಲ್ಲವೂ ಬಿಚ್ಚಿಟ್ಟ ಕ್ರಮದಲ್ಲಿವೆ. ತರಗತಿಯಲ್ಲಿ ಸತ್ತ ಮಿಡತೆ ಅಥವಾ ಜಿರಳೆಯ ಜೊತೆ ಇದನ್ನು ಹೋಲಿಸುವುದಾದರೆ ಮಾದರಿಯನ್ನು 70% ಆಲ್ಕೋಹಾಲಿನಲ್ಲಿ ಇಟ್ಟುಕೊಳ್ಳಿ. ಒಣಗಿದ್ದನ್ನು ಹಾಗೇ ಬಿಚ್ಚಿದರೆ ಉಪದವಡೆಯ ಪಾಲ್ಪ್ ಬುಡದಲ್ಲೇ ಮುರಿಯುತ್ತದೆ, ಒದ್ದೆ ಹತ್ತಿ ಇಟ್ಟ ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಬಿಟ್ಟರೆ ಮೆದುವಾಗುತ್ತದೆ. ಮುಂದಿನಿಂದ ಶುರು ಮಾಡಿ: ಮೊದಲು ಮೇಲ್ದುಟಿ ಎತ್ತಿ, ಆಮೇಲೆ ಕಪ್ಪು ಹಲ್ಲಿನ ದವಡೆಗಳು, ಅವುಗಳ ಹಿಂದಿನ ಉಪದವಡೆಗಳು, ಕೊನೆಗೆ ಕೆಳದುಟಿ. ತೆಗೆದ ಹಾಗೆಯೇ ಬಿಳಿ ಕಾರ್ಡಿಗೆ ಅಂಟಿಸುತ್ತಾ ಹೋಗಿ, ಒಟ್ಟಿಗೆ ರಾಶಿ ಹಾಕಿದರೆ ಎಡ ಬಲ ಗೊತ್ತಾಗುವುದಿಲ್ಲ.

ರೇಷ್ಮೆ ಹುಳುವಿನ ಮೂಲೆಯಲ್ಲಿ 3 ಜೊತೆ ನಿಜಗಾಲು, 5 ಜೊತೆ ಹುಸಿಗಾಲು, ಬಾಲದ ಕೊಂಬು, ಎಲ್ಲವೂ ಸರಿಯಾಗಿವೆ. ಆದರೆ ಒಳಗಿನ ಪ್ಯೂಪಾಗೂ (ಪತಂಗವಾಗುವ ಮುಂಚಿನ ಹಂತ) ಹೊರಗಿನ ನೂಲಿನ ಹೊದಿಕೆಗೂ ‘ಕೋಶ’ ಎಂದೇ ಬರೆದಿದ್ದಾರೆ. ಶಿಡ್ಲಘಟ್ಟ, ರಾಮನಗರದ ರೇಷ್ಮೆ ಮಾರುಕಟ್ಟೆಯಲ್ಲಿ ಹರಾಜಾಗುವುದು ‘ಗೂಡು’. ರೈತರ ಮಕ್ಕಳು ಮನೆಯಲ್ಲಿ ದಿನಾ ಕೇಳುವ ಆ ಪದ ಚಾರ್ಟಿನಲ್ಲಿ ಇಲ್ಲದಿರುವುದು ಬೇಸರದ ಸಂಗತಿ. ಪೊರೆ ಬಿಡುವ ನಾಲ್ಕು ಹಂತಗಳ ಪಕ್ಕ ರೈತರು ಅದಕ್ಕೆ ಹೇಳುವ ‘ಜ್ವರ’ ಎಂಬ ಪದವನ್ನೂ ಸೇರಿಸಬೇಕಿತ್ತು. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು ಎಂಬುದು ಆ ಮಕ್ಕಳಿಗೆ ಮೊದಲೇ ಗೊತ್ತು.

ಮುದ್ರಣ ಗಟ್ಟಿ. ಆದರೆ ಹಸಿರು ಮೈ ಮೇಲೆ ಕಪ್ಪು ಅಕ್ಷರ ಹಿಂದಿನ ಬೆಂಚಿಗೆ ಕಾಣುವುದಿಲ್ಲ, ಮೇಲ್ಮೈ ಹೊಳೆಯುವುದರಿಂದ ಕಿಟಕಿಯ ಎದುರಿನ ಗೋಡೆ ಬೇಡ.

ಕೊಳ್ಳುವುದಾದರೆ ಕೊಳ್ಳಿ, ಇಷ್ಟು ನಿಖರವಾದ ಚಿತ್ರ ಕನ್ನಡದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಗೋಡೆಗೆ ಹಾಕುವ ಮುಂಚೆ ಬಿಳಿ ಸ್ಟಿಕ್ಕರ್ ತುಂಡುಗಳ ಮೇಲೆ ತೊಡೆ, ಕಣಕಾಲು, ಕುಡಿಮೀಸೆ, ಗೂಡು ಎಂದು ಬರೆದು ಹಳೆಯ ಹೆಸರಿನ ಮೇಲೆ ಅಂಟಿಸಿ. ಲೇಪನದ ಮೇಲಿನ ಧೂಳನ್ನು ಒಣ ಬಟ್ಟೆಯಲ್ಲಿ ಒರೆಸಿದ ಮೇಲೆ ಅಂಟಿಸಿದರೆ ಏಳುವುದಿಲ್ಲ.