ಕುರಿ ಮರಿಗೆ ಲಸಿಕಿ ಮುಂಚೆ ಕೊಡೋ ವಿಟಮಿನ್ ಇ, ಸೆಲೆನಿಯಂ ಟಾನಿಕ್: ಸಾಸವಡದಾಗ ತಗೊಂಡಿದ್ದು

ಪುಣೆ ಹತ್ರ ಸಾಸವಡ, ಜೇಜುರಿ ಕಡೆ ಕುರಿ ಸಾಕೋ ನಮ್ಮ ಕನ್ನಡ ಮಂದಿಗಂತ ಇದನ್ನ ಬರ್ಯಾಕತ್ತೀನ್ರಿ. 5ಕ್ಕ 4 ಸ್ಟಾರ್ ಕೊಡ್ತೀನಿ, ಲಿಕ್ವಿಡ್‌ಗೆ ಮಾತ್ರ.

ಬಾಯಾಗ ಹಾಕೋ ಔಷಧ ಇದು, ಪಿಪಿಆರ್ (ಕುರಿ, ಆಡಿಗೆ ಬರೋ ವೈರಸ್ ರೋಗ) ಲಸಿಕಿಗಿಂತ ಮುಂಚೆ ಮರಿಗೋಳಿಗೆ ಕೊಟ್ವಿ. ಅಳತಿ ಮುಚ್ಚಳದ ಗೆರಿ ಸ್ವಚ್ಛ ಕಾಣ್ತಾವ, ಡೋಸ್ ಮರಿ ತೂಕದ ಲೆಕ್ಕದಾಗ ಬರದಾರ, ವಾಸ್ನಿ ಇಲ್ಲ, ಮರಿ ಉಗುಳಲಿಲ್ಲ. ಸೆಲೆನಿಯಂಗೆ ಈ ತೂಕದ ಲೆಕ್ಕ ಭಾಳ ಮುಖ್ಯ ಯಾಕಂದ್ರ ಬೇಕಾದ ಪ್ರಮಾಣಕ್ಕೂ ವಿಷ ಆಗೋ ಪ್ರಮಾಣಕ್ಕೂ ಅಂತರ ಕಡಿಮಿ, ಕಣ್ಣಳತಿ ಮ್ಯಾಲೆ ಸುರೀಬ್ಯಾಡ್ರಿ.

ಮರಿ ಮೇವು ಛಲೋ ತಿಂದು, ಲಸಿಕಿ ಆದ ಮ್ಯಾಲೂ ಸೊರಗಲಿಲ್ಲ. ಇಷ್ಟರ ಮ್ಯಾಲೆ ಲಸಿಕಿ ಜಾಸ್ತಿ ಹಿಡೀತು ಅನ್ನಾಕ ಆಗಂಗಿಲ್ರಿ, ಅದಕ್ಕ ರಕ್ತ ಟೆಸ್ಟ್ ಮಾಡಿಸ್ಬೇಕು. ಮೈಯಾಗ ವಿಟಮಿನ್ ಇ, ಸೆಲೆನಿಯಂ ಕೊರತಿ ಇದ್ದ ಮರಿಗೆ ರೋಗ ತಡಿಯೋ ಶಕ್ತಿ ಕಡಿಮಿ ಇರ್ತೈತಿ, ಅಂಥಾದಕ್ಕ ಇದು ಆಸರ. ಹೊಟ್ಟಿ ತುಂಬ ಹಸರ ಮೇವು ಮೇಯೋ ಮರಿಗೆ ಅಷ್ಟೇನ ಫರಕ್ ಬರಲಿಕ್ಕಿಲ್ಲ.

ಅಂಗಡಿ ಬಗ್ಗೆ ಒಂದು ಸಿಟ್ಟೈತಿ. ಮಿನರಲ್ ಮಿಕ್ಸ್ಚರ್ (ಮೇವಿನಾಗ ಕಲಸೋ ಖನಿಜದ ಪುಡಿ) ಕೇಳಿದ್ರ ಹುಡುಗ ಎಮ್ಮಿ ಆಕಳದ ಪಾಕೀಟು ತಂದಿಟ್ಟು "ಎಲ್ಲಾದಕ್ಕೂ ನಡೀತೈತಿ ದಾದಾ" ಅಂದ. ನಡ್ಯಂಗಿಲ್ರಿ! ಹಿಂದ ತಿರುವಿ ನೋಡಿದ್ರ ಜಿಂಕ್ ಸಾಲಿನ ಕೆಳಗ ಕಾಪರ್ ಅಂತ ಇರಿವಿ ಅಕ್ಷರದಾಗ ಇತ್ತು. ಕುರಿಗೆ ತಾಮ್ರ ಜಾಸ್ತಿ ಆದ್ರ ಲಿವರ್‌ನಾಗ ಕುಂತ್ಕೊಂತ ಹೋಗ್ತೈತಿ, ಒಂದಿನ ಒಮ್ಮೆಲೆ ರಕ್ತಕ್ಕ ಬಿಡ್ತೈತಿ, ಉಚ್ಚಿ ಕಾಫಿ ಬಣ್ಣಕ್ಕ ತಿರಗತೈತಿ, ಕಣ್ಣು ಹಳದಿ ಆಗಿ ಕುರಿ ಸಾಯ್ತೈತಿ. ಪಾಕೀಟಿನ ಮ್ಯಾಲೆ ಕುರಿಗಂತ ಬರದಿದ್ರಷ್ಟ ತಗೋರಿ.

ಅದ ಅಂಗಡ್ಯಾಗ ಲಸಿಕಿ ಮಾತ್ರ ಛಲೋ ಇಡ್ತಾರ, ಫ್ರಿಜ್ ಒಳಗ ಥರ್ಮಾಮೀಟರ್ ನೇತಾಡತಿತ್ತು, ಐಸ್ ಹಾಕಿದ ಡಬ್ಬ್ಯಾಗ ಕೊಟ್ಟು ಕಳಸಿದ್ರು. 2ರಿಂದ 8 ಡಿಗ್ರಿ ಒಳಗ ಇರದ ಲಸಿಕಿ ಹಾಳಾಗಿದ್ರ ಯಾವ ಟಾನಿಕ್ಕೂ ಅದನ್ನ ಎಬ್ಬಿಸಂಗಿಲ್ಲ. ಪಿಪಿಆರ್ ಪುಡಿ ಕಲಸಿದ ಮ್ಯಾಲೆ ಲಗೂನ ಹಾಕಿ ಮುಗಸ್ರಿ, ಚಾ ಕುಡ್ಯಾಕ ಕುಂದ್ರಬ್ಯಾಡ್ರಿ.

ಭಾಳ ಎಳೀ ಮರಿಗೆ ಲಸಿಕಿ ಹಾಕೋರಿಗೂ ಒಂದು ಮಾತು. ಗಿಣ್ಣ ಹಾಲಿನಾಗ ತಾಯಿ ಕೊಟ್ಟ ರಕ್ಷಣಿ ಇರೋತನ ಲಸಿಕಿನ ಅದ ತಡೀತೈತಿ, ಅದಕ್ಕ ಪಿಪಿಆರ್ 3 ತಿಂಗಳು ದಾಟಿದ ಮ್ಯಾಲೆ. ಕರಳಬ್ಯಾನಿ ಲಸಿಕಿಗೆ 2-3 ವಾರ ಬಿಟ್ಟು ಬೂಸ್ಟರ್ ಬೇಕ ಬೇಕು, ಭಾಳ ಮಂದಿ ಅದನ್ನ ಬಿಟ್ಟು ಟಾನಿಕ್‌ಗೆ ರೊಕ್ಕ ಹಾಕ್ತಾರ, ನೋಡಿದ್ರ ಹೊಟ್ಟಿ ಉರೀತೈತಿ. ಜಂತಿನ ಔಷಧನೂ ಲಸಿಕಿಗೆ ಒಂದು ವಾರ ಮೊದಲ ಆಗಿರ್ಲಿ. ಕೈಯಾಗ ರೊಕ್ಕ ಕಡಿಮಿ ಇದ್ರ ಬಾಟ್ಲಿ ಬಿಟ್ಟು ಶೇಂಗಾ ಹಿಂಡಿ ತಗೋರಿ, ರೋಗದ ಮ್ಯಾಲೆ ಹೊಡದಾಡೋ ಆಂಟಿಬಾಡಿ ಅಂದ್ರನ ಪ್ರೋಟೀನ್, ಅದಕ್ಕ ಸಾಮಾನು ಮೇವಿನಿಂದನ ಬರ್ಬೇಕು.

1 ಸ್ಟಾರ್ ಕಡದಿದ್ದು ದೊಡ್ಡ ಬಾಟ್ಲಿ ಒಂದ ಸಿಗ್ತೈತಿ ಅಂತ. ಸಣ್ಣ ಹಿಂಡಿನವರಿಗೆ 100 ಎಂಎಲ್‌ದು ತರಸ್ರಿ ಅಂತ ಅಂಗಡ್ಯಾಗ ಹೇಳೀನಿ, ನೀವೂ ಹೋದಾಗ ಕೇಳ್ರಿ.